ಕಂಪ್ಯೂಟರಿಗೂ ಒಂದು ಬುಧವಾರ

ಹೊಟ್ಟೆಕಿಚ್ಚಿನ ಬಗ್ಗೆ ನಾಲ್ಕು ಮಾತು ಹೇಳುವ ಹಕ್ಕು ಬೀಳಗಿಯಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ ಇದೆ. ತಹಶೀಲ್ದಾರ ಕಚೇರಿಯ ಗೇಟಿನ ಎದುರು ಸಾಲಾಗಿ ಮೂರು ಪತ್ರಾಸಿನ ತಗಡಿನ ಅಂಗಡಿಗಳು. ಎಡಗಡೆ ಛಾಪಾ ಕಾಗದ ಬರೆದುಕೊಡುವ ಬಾಂಡ್ ರೈಟರ್ ಸಾತಪ್ಪ, ಬಲಗಡೆ ಬಾಂಡ್ ರೈಟರ್ ಕಾಮಣ್ಣ, ನಡುವೆ ಝರಾಕ್ಸ್ ಮಷೀನು ಇಟ್ಟುಕೊಂಡ ಸಿದ್ದಾರೂಢ, ಅಂದರೆ ನಾನು. ಒಬ್ಬನ ಹೊಟ್ಟೆಯ ಉರಿ ಇನ್ನೊಬ್ಬನಿಗೆ ತಲುಪಬೇಕಾದರೆ ನನ್ನ ಅಂಗಡಿಯನ್ನು ದಾಟಿಯೇ ಹೋಗಬೇಕಿತ್ತು. ಹೀಗಾಗಿ ಬೇಸಿಗೆಯ ಝಳ ಉಳಿದವರಿಗಿಂತ ನನಗೆ ಸ್ವಲ್ಪ ಹೆಚ್ಚು.

ಇಬ್ಬರೂ ಮಾಗನೂರಿನವರು. ಮಾಗನೂರು ಈಗ ಕೃಷ್ಣೆಯ ಹಿನ್ನೀರಿನ ಕೆಳಗಿದೆ. ಊರು ಇದ್ದಾಗ ಇವರ ಮನೆಗಳು ಅಕ್ಕಪಕ್ಕ, ನಡುವೆ ಒಂದು ಬೇವಿನ ಗಿಡ. ಆ ಗಿಡ ಯಾರದು ಎಂದು ಅಪ್ಪಂದಿರ ಕಾಲದಿಂದ ತಕರಾರು. ಊರು ಮುಳುಗಿತು, ಮನೆಗಳು ಮುಳುಗಿದವು, ಗಿಡವೂ ಮುಳುಗಿತು, ತಕರಾರು ಮಾತ್ರ ತೇಲಿಕೊಂಡು ಬೀಳಗಿಗೆ ಬಂತು. ಚಹಾದ ಹೊತ್ತಿಗೆ ಸಾತಪ್ಪ ತನ್ನ ಗಿರಾಕಿಗೆ "ನಮ್ಮ ಬೇವಿನ ಗಿಡ ಏನ್ ಗಿಡಾ ಅಂತೀರಿ" ಎಂದು ಶುರು ಮಾಡಿದರೆ, ಕಾಮಣ್ಣ ತನ್ನ ಗಿರಾಕಿಗೆ "ನಮ್ಮ ಬೇವಿನ ಗಿಡ" ಎಂದು ಇನ್ನೂ ಜೋರಾಗಿ ಹೇಳುತ್ತಿದ್ದ. ಮೀನುಗಳನ್ನು ಬಿಟ್ಟರೆ ಆ ಗಿಡದಿಂದ ಈಗ ಯಾರಿಗೂ ಉಪಯೋಗವಿರಲಿಲ್ಲ.

ಎದುರಾಬದುರಾ ಸಿಕ್ಕಾಗ ಮಾತ್ರ ಭಾರಿ ಮರ್ಯಾದೆ. "ಏನ್ರಿ ಸಾತಪ್ಪನವರ?" "ಏನಿಲ್ಲ ಬಿಡ್ರಿ ಕಾಮಣ್ಣನವರ." ಒಂದೇ ಶಾಲೆಯಲ್ಲಿ ಒಂದೇ ಗೋಣಿತಟ್ಟಿನ ಮೇಲೆ ಕೂತು ಬೆಳೆದ ಇಬ್ಬರು ಹೀಗೆ 'ರೀ' ಹಚ್ಚಿ ಮಾತನಾಡತೊಡಗಿದರೆ ಒಳಗೆ ಎಷ್ಟು ಉರಿಯುತ್ತಿದೆ ಎಂದು ನೀವೇ ತಿಳಿದುಕೊಳ್ಳಿ.

ಹಾಗೆ ನೋಡಿದರೆ ಸಾತಪ್ಪನಿಗೆ ಉರಿದುಕೊಳ್ಳುವ ಕಾರಣವೇ ಇರಲಿಲ್ಲ. ಊರು ಖಾಲಿ ಮಾಡುವ ಮೊದಲು ಅವನು ಹಿರಿಯರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮಾಗನೂರಿನ ಇನ್ನೂರ ಹನ್ನೆರಡು ಮನೆಗಳ ಚಕ್ಕುಬಂದಿಯನ್ನು ಒಂದು ವಹಿ ಪುಸ್ತಕದಲ್ಲಿ ಬರೆದುಕೊಂಡಿದ್ದ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾರ ಹಿತ್ತಲು, ಉತ್ತರಕ್ಕೆ ಯಾವ ದಾರಿ, ದಕ್ಷಿಣಕ್ಕೆ ಯಾರ ಗೋಡೆ, ಎಲ್ಲವೂ ಅದರಲ್ಲಿತ್ತು. ಆಮೇಲೆ ಆ ವಹಿಯನ್ನು ಒರಲೆ ತಿಂದಿತಾದರೂ ಅಷ್ಟರೊಳಗೆ ಅದನ್ನು ಕಂಪ್ಯೂಟರಿಗೆ ಏರಿಸಿಬಿಟ್ಟಿದ್ದ. ಪರಿಹಾರದ ಅರ್ಜಿಗಾಗಲಿ, ವಾರಸಾ ತಕರಾರಿಗಾಗಲಿ, ಮಾಗನೂರಿನವರು ಸಾತಪ್ಪನ ಹತ್ತಿರವೇ ಬರಬೇಕಿತ್ತು. ಕೆಲವರು ಕಾಗದಕ್ಕಲ್ಲ, ಸುಮ್ಮನೆ ಓದಿಸಿಕೊಂಡು ಕೇಳಲು ಬರುತ್ತಿದ್ದರು. ಮರೆವ್ವ ಎಂಬ ಮುದುಕಿ ಸಂತೆಗೆ ಬಂದಾಗಲೆಲ್ಲ ಮೆಟ್ಟಿಲ ಮೇಲೆ ಕೂತು, "ನಮ್ಮನಿ ಒಂದೀಟ ಓದೋ ಯಪ್ಪಾ" ಅನ್ನುತ್ತಿದ್ದಳು. ಸಾತಪ್ಪ ಓದುತ್ತಿದ್ದ. ಅವಳು ತಲೆ ಅಲ್ಲಾಡಿಸಿ ಎದ್ದು ಹೋಗುತ್ತಿದ್ದಳು.

ಇಂಥ ಆಸ್ತಿ ಇದ್ದ ಮನುಷ್ಯನಿಗೆ ಇನ್ನೊಬ್ಬನ ಕಂಪ್ಯೂಟರಿನ ಮೇಲೆ ಕಣ್ಣು ಯಾಕೆ ಬಿತ್ತು ಎಂದರೆ, ಅದಕ್ಕೆ ಎರಡನೇ ಬುಧವಾರವೇ ಕಾರಣ.

ಎರಡು ಸಾವಿರದ ಹದಿಮೂರರಲ್ಲಿ ಕಾಮಣ್ಣ ಜಮಖಂಡಿಯಿಂದ ಒಂದು ಕಂಪ್ಯೂಟರು ತಂದ. ಹಳೆಯದೇ, ಸಾತಪ್ಪನದರ ಹಾಗೆ ಒಳಗಿನ ಸಾಫ್ಟ್‌ವೇರು ಎಕ್ಸ್‌ಪಿಯೇ. ಆದರೆ ಇದರ ಬೆನ್ನಿಗೆ ಹೊಳೆಯುವ ಚೀಟಿ ಅಂಟಿಸಿತ್ತು, ಅಸಲಿ ಎಂಬುದಕ್ಕೆ. ನೆಟ್ ಕಾರ್ಡು ಹಾಕಿದ ಮೇಲೆ ಪ್ರತಿ ತಿಂಗಳ ಎರಡನೇ ಬುಧವಾರ ಸಾಫ್ಟ್‌ವೇರ್ ಕಂಪನಿಯಿಂದ ಅದಕ್ಕೆ ಅಪ್‌ಡೇಟ್ ಬರತೊಡಗಿತು. ಪರದೆಯ ಮೇಲೆ ನೀಲಿ ಪಟ್ಟಿ ಓಡುವಾಗ ಮಷೀನು ಬಂದ್ ಮಾಡಬಾರದು ಎಂದು ಬರೆದು ಬರುತ್ತಿತ್ತು. ಕಾಮಣ್ಣ ಅದನ್ನು ಮುಟ್ಟಲೇಬಾರದು ಎಂದು ತಿಳಿದುಕೊಂಡ. ಅರ್ಧ ಬಾಗಿಲು ಎಳೆದು, ಊದಿನಕಡ್ಡಿ ಹಚ್ಚಿ, ಹೊರಗೆ ರಟ್ಟಿನ ಬೋರ್ಡು ತೂಗುಹಾಕಿದ: "ಅಪ್‌ಡೇಟ್ ನಡೆದಿದೆ."

ಬಾಡಗಂಡಿಯ ಹಿರಿಯ ರೈತನೊಬ್ಬ ಬಾಂಡು ಬರೆಸಲು ಬಂದು ಬೋರ್ಡು ನೋಡಿದ.

"ಯಾಕೋ ಕಾಮಣ್ಣಾ, ಇವತ್ತ ಮಷೀನ ಹೂಡಿಲ್ಲ?"

"ಎರಡನೇ ಬುಧವಾರ ಅಲ್ಲೇನ್ರಿ ಕಾಕಾ. ಕಳ್ಳರು ಹೊಕ್ಕೂ ಕಿಂಡಿ ಯಾವ್ಯಾವು ಅದಾವು ನೋಡಿ ಕಂಪನಿಯವರ ಮುಚ್ಚತಾರ. ಅಲ್ಲೀತನಾ ನಾವು ಕೈ ಹಚ್ಚೂದಿಲ್ಲ."

"ಛಲೋ ಪದ್ಧತಿ ಬಿಡಪಾ. ನಮ್ಮ ಎತ್ತಿಗೆ ಸೋಮವಾರ ಇದ್ದಂಗ."

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ. ಹೊಲದಲ್ಲಿ ಹದ ಬಂದು ನಿಂತರೂ ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವವನನ್ನು ಯಾರೂ ಒಳ್ಳೆಯವನೆನ್ನುವುದಿಲ್ಲ. ಹಿರಿಯನಿಗೆ ಕಾಮಣ್ಣನ ಕಂಪ್ಯೂಟರು ಒಂದೇ ಮಾತಿನಲ್ಲಿ ತಿಳಿದುಹೋಯಿತು. ಅವನು ಆ ಕಡೆಗೆ ತಿರುಗಿ, ಟಕಟಕ ಹೊಡೆಯುತ್ತಿದ್ದ ಸಾತಪ್ಪನನ್ನು ನೋಡಿದ.

"ಮತ್ತ ಅದಕ್ಕ ಯಾವ ವಾರ?"

"ಅವರದು ಏಳೂ ದಿನ ದುಡೀತೈತ್ರಿ," ಎಂದ ಕಾಮಣ್ಣ.

"ಅಯ್ಯ ಪಾಪದ್ದು," ಎಂದು ಹಿರಿಯ ನಾಲಿಗೆ ಲೊಚಗುಟ್ಟಿದ.

ಆ 'ಪಾಪದ್ದು' ನನ್ನ ಅಂಗಡಿಯನ್ನು ದಾಟಿ ಸೀದಾ ಸಾತಪ್ಪನ ಎದೆಗೆ ಬಿತ್ತು. ಮುಂದಿನ ತಿಂಗಳಿಂದ ಅದು ಅವನ ಕೆಲಸಕ್ಕೂ ಬಿತ್ತು. ಎರಡನೇ ಬುಧವಾರ ಬಂದರೆ ರೈತರು ಕಾಮಣ್ಣನ ಅಂಗಡಿಯ ಮುಂದೆ ತಾಸುಗಟ್ಟಲೆ ಕೂತು ಕಾಯುತ್ತಿದ್ದರೇ ಹೊರತು ಖಾಲಿ ಕೂತ ಸಾತಪ್ಪನ ಹತ್ತಿರ ಬರುತ್ತಿರಲಿಲ್ಲ. "ಬ್ಯಾಡ್ರಿ, ವಾರ ಮುರದ ಬರದ ಬಾಂಡು ಬರಕತ್ತಾಗೂದಿಲ್ಲ" ಎಂದು ಒಬ್ಬ ಮುಖಕ್ಕೇ ಹೇಳಿ ಹೋದ.

ಮನೆಯಲ್ಲಿ ಇನ್ನೊಂದು ಪಂಚಾಯಿತಿ. ಸಾತಪ್ಪನ ಹೆಂಡತಿ ತಾರವ್ವ ತಾನೇ ನನಗೆ ಆಮೇಲೆ ಹೇಳಿದ್ದು.

"ಏನ್ರಿ, ಕಾಮಣ್ಣನ ಹೇಣ್ತಿ ಸುಂದರವ್ವ ನಳದ ಮುಂದ ಹೇಳಾಕತ್ತಿದ್ದಳು, ಅವರ ಕಂಪ್ಯೂಟರಿಗೆ ಈ ತಿಂಗಳ ಒಂಬತ್ತ ಬಂದಾವಂತ. ನಮ್ಮದಕ್ಕ ಎಷ್ಟ ಬಂದಾವ?"

"ನಮ್ಮದಕ್ಕ ಬೇಕಾಗಿಲ್ಲ."

"ಬೇಕಾಗಿಲ್ಲ ಅನಬ್ಯಾಡ್ರಿ. ಕರದಿಲ್ಲ ಅನ್ರಿ."

ಸಾತಪ್ಪ ಅವತ್ತು ಒಂದು ರೊಟ್ಟಿ ಕಡಿಮೆ ತಿಂದ. ನಮ್ಮಲ್ಲಿ ಮದುವೆಗೆ ಬರೀ ಕಾರ್ಡು ಕಳಿಸಿದರೆ ಯಾರೂ ಹೋಗುವುದಿಲ್ಲ, ಮನೆ ತನಕ ಬಂದು ಅಕ್ಷತೆ ಕೊಟ್ಟು ಕರೆಯಬೇಕು. ಇವನ ಕಂಪ್ಯೂಟರಿಗೆ ಎಂಟು ವರ್ಷಗಳಿಂದ ಕಾರ್ಡೂ ಇಲ್ಲ, ಕರೆಯೂ ಇಲ್ಲ. ಕಂಪನಿಗೆ ತಾನು ಏನು ಮಾಡಿದ್ದೆ ಎಂದು ಅವನು ಎರಡು ದಿನ ನನ್ನನ್ನು ಕೇಳಿದ. ನನಗೇನು ಗೊತ್ತು?

ಮೂರನೆಯ ದಿನ ಎಡಗಡೆಯ ಅಂಗಡಿಯಲ್ಲಿಯೂ ಬೋರ್ಡು ಬಂತು, ಕಾಮಣ್ಣನದಕ್ಕಿಂತ ಒಂದು ಗೇಣು ದೊಡ್ಡದು: "ಇಲ್ಲಿ ವಾರಕ್ಕೆ ಎರಡು ಸಲ ಅಪ್‌ಡೇಟ್." ಮಂಗಳವಾರ ಮತ್ತು ಶುಕ್ರವಾರ ಸಾತಪ್ಪ ಮಷೀನು ಬಂದ್ ಮಾಡಿ, ಅದಕ್ಕೆ ಕುಂಕುಮ ಹಚ್ಚಿ, ಕೈಕಟ್ಟಿ ಕೂತುಬಿಡುತ್ತಿದ್ದ. ಗಿರಾಕಿಗಳಿಗೆ ಇದರಿಂದ ಭಕ್ತಿ ಬರಲಿಲ್ಲ, ಅನುಮಾನ ಬಂತು.

ಅನುಮಾನ ತೀರಿಸಲು ಬಂದವರು ಕಂದಾಯ ನಿರೀಕ್ಷಕ ಚನಮಲ್ಲಪ್ಪನವರು. ಅವರ ಕೈಗೆ ಯಾವ ಕಾಗದ ಸಿಕ್ಕರೂ ಅದನ್ನು ಗಟ್ಟಿಯಾಗಿ ಓದುವ ಚಟ. ಇಂಗ್ಲಿಷಿನಲ್ಲಿದ್ದರೆ ಕನ್ನಡ ಮಾಡಿ ಓದುತ್ತಾರೆ, ಕೇಳುವವರಿಗೆ ಅನುಕೂಲವಾಗಲಿ ಎಂದು.

"ಎಲ್ಲಿ ಸಾತಪ್ಪಾ, ನಿನ್ನ ಅಪ್‌ಡೇಟ್ ಒಂದ ಸಲ ತೋರ್ಸು ನೋಡೂಣು. ಕಾಮಣ್ಣಂದು ಪಟ್ಟಿ ಓಡತೈತಿ. ನಿಂದು ಎಲ್ಲಿ ಓಡತೈತಿ?"

ಸಾತಪ್ಪನೂ ಹಿಂದಿನ ದಿನವಷ್ಟೇ ನೆಟ್ ಕಾರ್ಡು ತಂದು ಹಾಕಿದ್ದ. ಸುತ್ತ ಮಂದಿ ನೆರೆದಿದ್ದರು. ದೇವರ ಮೇಲೆ ಭಾರ ಹಾಕಿ ಅಪ್‌ಡೇಟ್ ಗುಂಡಿ ಒತ್ತಿದ. ಪಟ್ಟಿ ಓಡಿತು! ಸಾತಪ್ಪ ಮೀಸೆ ಮುಟ್ಟಿಕೊಂಡ. ಮಷೀನು ಬಂದ್ ಆಗಿ ಮತ್ತೆ ಚಾಲೂ ಆದಾಗ ಪರದೆ ಇಡೀ ಕಪ್ಪಾಗಿತ್ತು. ಮೂಲೆಯಲ್ಲಿ ಒಂದು ನಕ್ಷತ್ರ, ಅದರ ಬಾಜೂಕೆ ಎರಡು ಸಾಲು. ಚನಮಲ್ಲಪ್ಪನವರು ಚಾಳೀಸು ಏರಿಸಿ ಗಟ್ಟಿಯಾಗಿ ಓದಿದರು.

"ಈ ಪ್ರತಿಯು ಅಸಲಿ ಅಲ್ಲ. ನೀವು ನಕಲಿ ಮಾಲಿಗೆ ಬಲಿಯಾಗಿರಬಹುದು."

ಬಲಗಡೆಯ ಅಂಗಡಿಯಿಂದ ಒಂದು ಕೆಮ್ಮು ಕೇಳಿಸಿತು. ಕಾಮಣ್ಣನಿಗೆ ಅಂಥ ಆರೋಗ್ಯಕರವಾದ ಕೆಮ್ಮು ಹಿಂದೆ ಎಂದೂ ಬಂದಿರಲಿಲ್ಲ.

"ಏನ್ ಸಾತಪ್ಪಾ," ಎಂದರು ಚನಮಲ್ಲಪ್ಪನವರು, "ಅಸಲ ಪ್ರತಿ ತರ್ರಿ, ನಕಲ ನಡ್ಯೂದಿಲ್ಲ ಅಂತ ಊರ ಮಂದಿಗೆಲ್ಲ ಹೇಳಾಂವ ನೀನು. ನಿಂದ ನಕಲಂತಲ್ಲೋ!"

ಯುಗಾದಿ ಮುಗಿದ ಮಾರನೆಯ ದಿನವೇ ಜಮಖಂಡಿಯಿಂದ ಅಮೋಲ ಬಂದ. ಗಡ್ಡದ ಮನುಷ್ಯ, ಮೂರು ಮಕ್ಕಳ ತಂದೆ, ಈ ಭಾಗದ ಕಂಪ್ಯೂಟರುಗಳ ನಾಡಿ ಹಿಡಿಯುವವನು.

"ಹೊಸಾದ ಹಾಕಸ್ರಿ ಸಾತಪ್ಪಣ್ಣ. ಎಕ್ಸ್‌ಪಿದು ಕಾಲ ಮುಗೀತ್ರಿ."

"ನನಗ ಹೊಸಾದು ಬ್ಯಾಡ. ಕಾಮಣ್ಣನವರದು ಯಾವುದೈತಿ ಅದ ಬೇಕು. ಅಸಲ."

"ಅದು ಈಗ ಸಿಗೂದಿಲ್ರೀ. ಸಿಕ್ಕರೂ ಉಪಯೋಗಿಲ್ಲ, ಯಾಕಂದ್ರ..."

"ಯಾಕ ಪಾಕ ಕೇಳಿಲ್ಲ ನಾನು!"

ಹೊಟ್ಟೆಕಿಚ್ಚಿಗೆ ಮೇಲಿನದೂ ಬೇಡ, ಕೆಳಗಿನದೂ ಬೇಡ. ಎದುರಿನವನ ಹತ್ತಿರ ಇರುವುದೇ ಬೇಕು. ಅಮೋಲ ಮೂರು ದಿನ ತಿರುಗಿ, ಮುಧೋಳದ ಒಂದು ಅಂಗಡಿಯ ಅಟ್ಟದ ಮೇಲೆ ಜೇಡರ ಬಲೆಯಲ್ಲಿ ಸಿಕ್ಕಿಬಿದ್ದಿದ್ದ ಒಂದು ಅಸಲಿ ಎಕ್ಸ್‌ಪಿ ಸಿ.ಡಿ.ಯ ಡಬ್ಬಿಯನ್ನು ಹುಡುಕಿ ತಂದ. ಸಾತಪ್ಪ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ನನಗೆ ತೋರಿಸುವ ನೆಪದಲ್ಲಿ ಕಾಮಣ್ಣನ ಅಂಗಡಿಯ ಮುಂದೆ ಎರಡು ಸಲ ಅಡ್ಡಾಡಿದ. ಕಾಮಣ್ಣ ತಲೆ ಎತ್ತಲಿಲ್ಲ. ಕೆಲವು ವಾರಗಳಿಂದ ಕಾಮಣ್ಣನದೂ ಒಂದು ವಿಚಿತ್ರ ನಡೆದಿತ್ತು. ಬೆಳಿಗ್ಗೆ ಮಷೀನು ಚಾಲೂ ಮಾಡಿದ ಕೂಡಲೇ ಪರದೆಗೆ ಮೈ ಅಡ್ಡ ಹಿಡಿದು ಗಡಿಬಿಡಿಯಿಂದ ಏನನ್ನೋ ಒತ್ತಿ ಮುಚ್ಚುತ್ತಿದ್ದ. ನಾನು ನೋಡಿದ್ದೆ, ಕೇಳಿರಲಿಲ್ಲ.

ಅಮೋಲ ಕೆಲಸಕ್ಕೆ ಕೂತು ಕೇಳಿದ, "ಸಾತಪ್ಪಣ್ಣ, ಇದರಾಗಿಂದು ಏನರ ತಗದ ಇಡಬೇಕೇನ್ರಿ? ಪೂರಾ ಅಳಸತೀನಿ ಈಗ."

ಅಮೋಲ ಕೇಳಿದ್ದು ಸಾತಪ್ಪನನ್ನು. ಸಾತಪ್ಪ ಉತ್ತರ ಕೊಟ್ಟದ್ದು ಕಾಮಣ್ಣನಿಗೆ, ನನ್ನ ಅಂಗಡಿಯ ಪತ್ರಾಸು ನಡುಗುವ ಹಾಗೆ.

"ಅಳಸು! ಈ ನಕಲಿ ಮಷೀನಿಂದು ಒಂದ ಚೂರೂ ನನಗ ಬ್ಯಾಡ! ಎಲ್ಲಾ ಹೊಸಾದಾಗಿ ಅಸಲ ಆಗಬೇಕು!"

ಅಮೋಲ ಅಳಿಸಿದ. ಮಧ್ಯಾಹ್ನದ ಹೊತ್ತಿಗೆ ಹಸಿರು ಗುಡ್ಡ, ನೀಲಿ ಆಕಾಶ ಪರದೆಯ ಮೇಲೆ ಬಂತು. ಟೈಪಿಗೆ ಬೇಕಾದ ಕನ್ನಡ ಅಕ್ಷರಗಳನ್ನೂ ಅಮೋಲ ಮತ್ತೆ ಹಾಕಿಕೊಟ್ಟ. ಆಮೇಲೆ ಅಪ್‌ಡೇಟ್ ಶುರುವಾಯಿತು. ಪರದೆಯ ಮೇಲೆ ಬಂದದ್ದನ್ನು ಚನಮಲ್ಲಪ್ಪನವರು ರಸ್ತೆಗೆಲ್ಲ ಕೇಳುವಂತೆ ಓದಿದರು: "ನೂರಾ ಮೂವತ್ತನಾಲ್ಕರಲ್ಲಿ ಒಂದನೆಯದು."

ನೂರಾ ಮೂವತ್ತನಾಲ್ಕು! ಕಾಮಣ್ಣನಿಗೆ ಒಂದು ತಿಂಗಳಲ್ಲಿ ಹನ್ನೆರಡರ ಮೇಲೆ ಬಂದ ದಾಖಲೆಯೇ ಇರಲಿಲ್ಲ. ಚಹಾ ಅಂಗಡಿಯವರು, ಕಚೇರಿಯ ಜವಾನರು, ಸ್ಟ್ಯಾಂಪಿಗೆ ಬಂದ ರೈತರು, ಎಲ್ಲರೂ ಬಂದು ನೋಡಿದರು. ತಾರವ್ವ ತವರಿನ ಸೀರೆ ಉಟ್ಟು ಬಂದು ನೋಡಿ, ವಾಪಸು ಹೋಗುವಾಗ ನಳದ ದಾರಿ ಹಿಡಿದಳು. ಕಾಮಣ್ಣ ಮಾತ್ರ ಹೊರಗೆ ಬರಲಿಲ್ಲ. "ಒಮ್ಮಿಗೇ ಅಷ್ಟ ತಿನಿಸಿದ್ರ ಅಜೀರ್ಣ ಆಕ್ಕೈತ್ರಿ" ಎಂದು ನನಗೆ ಹೇಳಿದ. ಅವತ್ತು ಚಹಾ ಕುಡಿಯಲಿಲ್ಲ. ಮೂರು ದಿನ, ಐದು ಸಲ ಕರೆಂಟು ಹೋಗಿ ಬಂದು, ಸೋಮವಾರ ಸಂಜೆಗೆ ಎಲ್ಲ ಮುಗಿಯಿತು. ಆ ಮೂರು ದಿನ ಸಾತಪ್ಪ ನಡೆದಾಡಿದ ರೀತಿ ನೋಡಿದ್ದರೆ ಕಂಪನಿಯೇ ಅವನಿಗೆ ಹೆಣ್ಣು ಕೊಟ್ಟಿದೆಯೇನೋ ಅನ್ನಬೇಕಿತ್ತು.

ಮಂಗಳವಾರ ಮರೆವ್ವ ಬಂದಳು. ಈ ಸಲ ಬರೀ ಕೇಳಲು ಅಲ್ಲ. ಅವಳ ಪರಿಹಾರದ ಅರ್ಜಿಗೆ ಮನೆಯ ಚಕ್ಕುಬಂದಿ ಲಗತ್ತಿಸಿ ಬುಧವಾರದೊಳಗೆ ಕೊಡಬೇಕೆಂದು ಕಚೇರಿಯಲ್ಲಿ ಹೇಳಿದ್ದರು.

"ಓದೋ ಯಪ್ಪಾ. ಓದಿ ಒಂದ ಕಾಗದಾ ತಗದ ಕೊಡು."

ಸಾತಪ್ಪ ಗತ್ತಿನಿಂದ ಮೌಸು ಹಿಡಿದ. ಒತ್ತಿದ. ಮತ್ತೆ ಒತ್ತಿದ. ಕಂಪ್ಯೂಟರಿನೊಳಗಿನ ಕಪಾಟು, ಗೂಡು, ಮೂಲೆ ಎಲ್ಲ ತೆರೆದು ನೋಡಿದ. ಎಲ್ಲ ಕಡೆ ಹೊಸದು, ಎಲ್ಲ ಕಡೆ ಅಸಲಿ, ಎಲ್ಲ ಕಡೆ ಖಾಲಿ. ಅವನ ಮುಖದ ಬಣ್ಣ ಇಳಿಯುತ್ತಿರುವುದು ನನಗೆ ನನ್ನ ಕೌಂಟರಿನಿಂದಲೇ ಕಾಣಿಸಿತು. ಜಮಖಂಡಿಗೆ ಫೋನು ಹೋಯಿತು.

"ನೀವ ಹೇಳಿದ್ರೆಲ್ರಿ," ಎಂದ ಅಮೋಲ, "ಒಂದ ಚೂರೂ ಬ್ಯಾಡ ಅಂತ. ಅದರ ಮ್ಯಾಲ ನೂರಾ ಮೂವತ್ತನಾಲ್ಕ ಕುಂತಾವ. ಇನ್ನ ಬರೂದಿಲ್ರಿ."

ಸಾತಪ್ಪ ಫೋನು ಇಟ್ಟು, ಬೆವರು ಒರೆಸಿಕೊಂಡು, ಬಾಯಿಪಾಠದಿಂದ ಹೇಳಲು ನೋಡಿದ. "ಪೂರ್ವಕ್ಕ... ಪೂರ್ವಕ್ಕ ಹಿಟ್ಟಿನ ಗಿರಣಿ..."

"ಗಿರಣಿ ಅಲ್ಲೋ ತಮ್ಮಾ, ಪೂರ್ವಕ್ಕ ಅನಸವ್ವನ ಮನಿ. ಗಿರಣಿ ಆಚೀಕಡೆ." ಮರೆವ್ವ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು. "ಉತ್ತರಕ್ಕ ಏನಿತ್ತು, ನನಗೂ ನೆನಪಿಲ್ಲ. ನೀ ಬರದೀದಿ ಅಂತ ನಾನು ಮರತಬಿಟ್ಟಿದ್ದೆ. ನೀನೂ ಮರತರ ನಮ್ಮೂರ ಖರೇನ ಹೋದಂಗ ಆತಲ್ಲೋ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಸೆರಗು ಹೊದ್ದುಕೊಂಡು ಮೆಟ್ಟಿಲ ಮೇಲೆಯೇ ಕೂತಳು. ಸಾತಪ್ಪ ಅವತ್ತು ಊಟದ ಗಂಟು ಬಿಚ್ಚಲಿಲ್ಲ. ನನಗೂ ಯಾಕೋ ಬೇಜಾರಾಯಿತು, ಮಷೀನು ಬಂದ್ ಮಾಡಿಬಿಟ್ಟೆ.

ಮಾರನೆಯ ದಿನ ಏಪ್ರಿಲ್ ಒಂಬತ್ತು, ಎರಡನೇ ಬುಧವಾರ. ಮರೆವ್ವ ಬೆಳಿಗ್ಗೆಯೇ ಮತ್ತೆ ಬಂದು ಕೂತಿದ್ದಳು. ತಾರವ್ವ ಹಿಂದಿನ ದಿನದ ಊಟದ ಗಂಟನ್ನು ಹಾಗೇ ಹಿಡಿದುಕೊಂಡು ಅಂಗಡಿಗೆ ಬಂದಳು. ಸಣ್ಣ ದನಿಯಲ್ಲಿ ಮಾತನಾಡುವ ಅಭ್ಯಾಸ ಅವಳಿಗೆ ಇಲ್ಲ.

"ಮಂದೀ ಮನಿ ಕಂಪ್ಯೂಟರ ನೋಡಿ ನೋಡಿ ಇಡೀ ಊರ ಅಳಿಸಿ ಕುಂತೀರೆಲ್ಲ! ನೀರು ಬಂದ ಮುಳಗಿಸಿದ್ದು ಸಾಲದಾಗಿತ್ತೇನು, ನೀವೂ ಒಂದ ಸಲ ಮುಳಗಿಸಿದ್ರಿ?"

ಸಾತಪ್ಪ ಅವಳ ಕೈಯಿಂದ ಗಂಟು ಇಸಿದುಕೊಂಡು ಬದಿಗೆ ಇಟ್ಟ.

ಆಗ ಬಲಗಡೆಯ ಬಾಗಿಲು ಸದ್ದಾಯಿತು. ಕಾಮಣ್ಣ ನನ್ನ ಅಂಗಡಿಯ ಒಳಗಿಂದಲೇ ಹಾಯ್ದು ಸಾತಪ್ಪನ ಮುಂದೆ ಬಂದು ನಿಂತ. ಅಂಗಿ ಎತ್ತಿ, ಉಡದಾರಕ್ಕೆ ಕಟ್ಟಿದ್ದ ಏನನ್ನೋ ಬಿಚ್ಚತೊಡಗಿದ. ತಾರವ್ವ ಮುಖ ಆ ಕಡೆ ಮಾಡಿದಳು. ಕಾಮಣ್ಣ ಬಿಚ್ಚಿದ್ದು ಒಂದು ಪೆನ್‌ಡ್ರೈವು.

"ಲೇ ಸಾತ್ಯಾ, ಬೈಬ್ಯಾಡ."

ಬೀಳಗಿಗೆ ಬಂದ ಹದಿನಾಲ್ಕು ವರ್ಷಗಳಲ್ಲಿ ಅವರ ನಡುವೆ 'ಲೇ' ಬಂದದ್ದು ಅದೇ ಮೊದಲು. ಮರೆವ್ವ ಕೂಡ ತಲೆ ಎತ್ತಿದಳು.

"ಇದರಾಗ ಏನೈತಿ?" ಎಂದ ಸಾತಪ್ಪ.

"ನಿನ್ನ ಚಕ್ಕುಬಂದಿ. ಇನ್ನೂರಾ ಹನ್ನೆರಡೂ. ಒಂದ ವರ್ಷದ ಹಿಂದ ನೀ ಚಹಾಕ್ಕ ಹೋಗಿದ್ದಿ, ಮಷೀನ ಚಾಲೂ ಇತ್ತು. ಹೊಕ್ಕ ತುಂಬಿಕೊಂಡ ಬಂದೆ."

"ಕದ್ದಿ?"

"ಕದ್ದೆ. ಊರ ಮಂದಿಯೆಲ್ಲಾ ನಿನ್ನ ಕಡೇನ ಬರತಿದ್ರಲೇ. ನಾನೂ ಅದ ಊರಾಂವ. ಒಬ್ಬರರ ನನ್ನ ಕಡೆ ಬಂದ ನಮ್ಮನಿ ಓದು ಅಂದಿದ್ರ ಕೇಳು. ಹೊಟ್ಟಿ ಉರೀತು." ಕಾಮಣ್ಣ ಪೆನ್‌ಡ್ರೈವನ್ನು ಟೇಬಲ್ಲಿನ ಮೇಲೆ ಇಟ್ಟ. "ಮತ್ತ ಆ ಬೇವಿನ ಗಿಡಾ ಯಾರ ಹೆಸರೀಲೆ ಬರದೀದಿ ನೋಡೂದಿತ್ತು."

"ನೋಡಿದಿ?"

"ಎಲ್ಲಿ ನೋಡ್ಲಿ! ನೀ ಟೈಪ್ ಮಾಡೂ ಅಕ್ಷರ ಬ್ಯಾರೆ, ನನ್ನ ಮಷೀನಿನಾಗಿನ ಅಕ್ಷರ ಬ್ಯಾರೆ. ತಗದ್ರ ಬರೇ ಕ್ವಾಳಿ ಕೆದರಿದಂಗ ಕಾಣತಾವ. ಒಗ್ಯಾಕ ಮನಸಾಗಲಿಲ್ಲ, ಓದಾಕ ಬರಲಿಲ್ಲ. ಒಂದ ವರ್ಷ ಸೊಂಟಕ್ಕ ಕಟಗೊಂಡ ತಿರಗೇನಿ."

ಕಳ್ಳನಿಗೆ ಒದೆಯಬೇಕೋ ಕಾಲು ಹಿಡಿಯಬೇಕೋ ಎಂಬ ಪ್ರಶ್ನೆ ಸಾತಪ್ಪನ ಮುಖದ ಮೇಲೆ ಸ್ವಲ್ಪ ಹೊತ್ತು ಓಡಾಡಿತು. ಕೊನೆಗೆ ತಾರವ್ವನೇ, "ಕಳ್ಳ ಹೊಕ್ಕ ಕಿಂಡಿ ಮುಚ್ಚಿದ್ದರ ಇವತ್ತ ಇದೂ ಇರತಿದ್ದಿಲ್ಲ. ಹಚ್ಚರಿ ಅದನ್ನ ಮದಲ" ಎಂದಳು.

ಸಾತಪ್ಪ ಹಚ್ಚಿದ. ಅಕ್ಷರಗಳು ಅಕ್ಷರಗಳಾಗಿಯೇ ಬಂದವು. ಮರೆವ್ವನ ಮನೆಯನ್ನು ಓದಿದ. ಪೂರ್ವಕ್ಕೆ ಅನಸವ್ವನ ಮನೆ, ಉತ್ತರಕ್ಕೆ ಹೊಳೆಗೆ ಹೋಗುವ ದಾರಿ. "ಹೊಳಿ ದಾರಿ! ಹೌದ ಹೌದು," ಎಂದು ಮರೆವ್ವ ಎರಡೂ ಕೈಯಿಂದ ಮೊಣಕಾಲು ತಟ್ಟಿದಳು. ಅವಳ ಕಾಗದ ತಯಾರಾಯಿತು. ಅವಳು ಗೇಟು ದಾಟಿ ಒಳಗೆ ಹೋಗುವ ತನಕ ಸಾತಪ್ಪ ನೋಡುತ್ತ ನಿಂತ. ಕಾಮಣ್ಣ ಹೋಗಿರಲಿಲ್ಲ.

"ಈಗ ನಿಮ್ಮನೀದು ಓದು," ಎಂದ.

"ಅದ ಯಾಕ ಈಗ?"

"ಓದಲೇ."

ಸಾತಪ್ಪ ಓದಲಿಲ್ಲ. ಆಗಷ್ಟೇ ಒಳಗೆ ಬಂದಿದ್ದ ಚನಮಲ್ಲಪ್ಪನವರು ಪರದೆಗೆ ಬಗ್ಗಿ ಓದಿದರು. "ಮನೆ ನಂಬರ್ ಎಂಬತ್ತೇಳು, ಸಾತಪ್ಪನ ತಂದೆಯದು. ಪಶ್ಚಿಮಕ್ಕೆ ಕಾಮಣ್ಣನ ತಂದೆಯ ಹಿತ್ತಲು ಹಾಗೂ ಸದರಿಯವರ ಮಾಲಕಿಯ ಬೇವಿನ ಗಿಡ ಒಂದು."

ಕಾಮಣ್ಣ ಕೂತುಬಿಟ್ಟ. "ನಮ್ಮಪ್ಪನ ಮಾಲಕಿ ಅಂತ ಬರದೀದಿ. ಮತ್ತ ಹದಿನಾಲ್ಕ ವರ್ಷ ಚಹಾ ಕುಡಕೋಂತ ನಮ್ಮ ಗಿಡಾ, ನಮ್ಮ ಗಿಡಾ ಅಂತ ವದರೀದೆಲ್ಲೋ?"

"ಬಾಯಿಲೆ ಅನ್ನೂದು ಬ್ಯಾರೆ, ಕಾಗದದಾಗ ಬರಿಯೂದು ಬ್ಯಾರೆ," ಎಂದ ಸಾತಪ್ಪ, ಗೋಡೆ ನೋಡುತ್ತ. "ಬಾಂಡ್ ರೈಟರ್ ಅದೇನಿ ನಾನು."

ಅಷ್ಟರಲ್ಲಿ ಪರದೆಯ ಕೆಳಗೆ ಹಳದಿ ಗುರುತು ಬಂತು. ಸಾತಪ್ಪನಿಗಾಗಿಯೇ, ಕಾದು ಕಾದು ಬಂದ ಮೊದಲ ಎರಡನೇ ಬುಧವಾರದ ಅಪ್‌ಡೇಟ್. ಅದರ ಜೊತೆಗೆ ಒಂದು ಚೌಕದಲ್ಲಿ ಇಂಗ್ಲಿಷು. ಚನಮಲ್ಲಪ್ಪನವರು ಅದನ್ನೂ ಬಿಡಲಿಲ್ಲ. "ಎಕ್ಸ್‌ಪಿಗೆ ಕಂಪನಿಯ ಬೆಂಬಲ ಮುಗಿಯಿತು. ಇನ್ನು ಮುಂದೆ ಭದ್ರತೆಯ ಅಪ್‌ಡೇಟ್ ಬರುವುದಿಲ್ಲ."

ಸಾತಪ್ಪ ನಿಧಾನಕ್ಕೆ ಕಾಮಣ್ಣನ ಕಡೆ ತಿರುಗಿದ. "ನಿನಗ ಗೊತ್ತಿತ್ತು."

"ಒಂದ ತಿಂಗಳಾತು. ದಿನಾ ಮುಂಜಾನೆ ಈ ಚೌಕ ಬರತಿತ್ತು, ಮುಚ್ಚತಿದ್ದೆ."

"ನಾ ಡಬ್ಬಿ ಹಿಡದ ನಿನ್ನ ಮುಂದ ಅಡ್ಡಾಡುವಾಗ?"

"ಖರೆ ಹೇಳಲ್ಯಾ? ಭಾಳ ಖುಷಿ ಆಗಿತ್ತು."

ಆ ದಿನ ಇಬ್ಬರ ಮಷೀನುಗಳಿಗೂ ಕೊನೆಯ ಸಲ ಪಟ್ಟಿ ಓಡಿತು. ಮುಗಿದ ಮೇಲೆ ಅಮೋಲನ ಮಾತು ಕೇಳಿ ಎರಡರ ನೆಟ್ ಕಾರ್ಡನ್ನೂ ಕಿತ್ತು ಇಟ್ಟರು. ಕಂಪನಿ ಬರುವುದಿಲ್ಲ ಎಂದ ಮೇಲೆ ಕಳ್ಳರಿಗೂ ಬಾಗಿಲು ಬೇಡ ಎಂದು.

ಮೇ ತಿಂಗಳ ಎರಡನೇ ಬುಧವಾರ ಏನೂ ಬರಲಿಲ್ಲ. ಆದರೂ ಎರಡೂ ಅಂಗಡಿಗಳಲ್ಲಿ ಬೋರ್ಡು ತೂಗುತ್ತಿತ್ತು, ಎರಡೂ ಬಾಗಿಲು ಅರ್ಧ ಎಳೆದಿದ್ದವು. ಬಾಡಗಂಡಿಯ ಹಿರಿಯ ಎರಡೂ ಕಡೆ ನೋಡಿ, "ಈಗ ಛಲೋ ಆತ ನೋಡು" ಎಂದು ಕಾಯುತ್ತ ಕೂತ. ಬಾಂಡ್ ರೈಟರುಗಳಿಬ್ಬರೂ ನನ್ನ ಕೌಂಟರಿಗೆ ಮೊಣಕೈ ಊರಿ ಜಗಳ ಆಡುತ್ತಿದ್ದರು.

"ಗಿಡಾ ನಿಂದು, ಒಪ್ಪೇನಿ. ಆದ್ರ ಮಧ್ಯಾಹ್ನದ ಮ್ಯಾಲ ಅದರ ನೆಳ್ಳ ಯಾರ ಅಂಗಳಕ್ಕ ಬೀಳತಿತ್ತು?"

"ನೆಳ್ಳಿಗೆ ಮಾಲಕಿ ಎಲ್ಲಿದಲೇ?"

"ಯಾಕಿಲ್ಲ? ನಮ್ಮವ್ವ ಅಲ್ಲೇ ಕುಂತ ಶ್ಯಾವಗಿ ಹೊಸೀತಿದ್ದಳು!"

ಕಾಮಣ್ಣ ಕೌಂಟರು ತಟ್ಟಿ, "ಹಂಗಾರ ಬರಿ. ನೆಳ್ಳ ನಿಮ್ಮದಂತ ಬರಿ" ಎಂದ. ಸಾತಪ್ಪ ಒಳಗೆ ಹೋಗಿ ಬರೆದ. ಎಂಬತ್ತೇಳನೆಯ ಮನೆಗೆ ಒಂದು ಸಾಲು ಹೆಚ್ಚಾಯಿತು. ಈ ಸಲ ಇಡೀ ಊರನ್ನು ಕಾಗದದ ಮೇಲೆ ತೆಗೆದು ನನ್ನ ಕೈಗೆ ಕೊಟ್ಟು, "ಅಸಲ ನಾ ಇಟಗೋತೀನಿ, ಕಾಮ್ಯಾಗ ಒಂದ ಝರಾಕ್ಸ್ ಮಾಡು" ಎಂದ.

ಒಂದೊಂದೇ ಹಾಳೆ ಇಡುತ್ತ ಓದಿದೆ. ನನ್ನ ಊರು ಮುಳುಗಿಲ್ಲ. ನಮ್ಮ ಮನೆಯ ಪಶ್ಚಿಮಕ್ಕೆ ಏನಿದೆ ಎಂದು ಯಾರೂ ಬರೆದಿಲ್ಲ, ಯಾರೂ ಅದಕ್ಕಾಗಿ ಉಡದಾರಕ್ಕೆ ಏನನ್ನೂ ಕಟ್ಟಿಕೊಂಡು ತಿರುಗಿಲ್ಲ. ಇಷ್ಟು ವರ್ಷ ಇಬ್ಬರ ಝಳದಲ್ಲಿ ಕೂತರೂ ನನ್ನ ಮಷೀನು ನೋಡಿ ಒಬ್ಬರಾದರೂ ಕರುಬಲಿಲ್ಲ. ನನಗೂ ಹೊಟ್ಟೆ ಎಂಬುದು ಇದೆ.

ಪ್ರತಿ ಹಾಳೆಗೂ ಎರಡು ಸಲ ಗುಂಡಿ ಒತ್ತಿದೆ. ಒಂದು ಪ್ರತಿ ಕಾಮಣ್ಣನಿಗೆ ಕೊಟ್ಟೆ. ಇನ್ನೊಂದು ನನ್ನ ಹಣದ ಗಲ್ಲೆಯ ಕೆಳಗಿನ ಖಣದಲ್ಲಿದೆ. ಅವರಿಬ್ಬರೂ ಚಹಾಕ್ಕೆ ಹೋದಾಗ ತೆಗೆದು ಓದುತ್ತೇನೆ.